ಹೊಡೆಯದ ಕಾಯಿ

ಆ ವರ್ಷಗಳಲ್ಲಿ ಸೋಲುವುದೇ ನನ್ನ ಕೆಲಸವಾಗಿತ್ತು. ನೋಯ್ಡಾದ ಒಂದು ಸಣ್ಣ ಕಂಪನಿ ಮೊಬೈಲ್ ಫೋನುಗಳಿಗೆ ಆಟ ತಯಾರಿಸುತ್ತಿತ್ತು. ಆಟ ಜನರ ಕೈಗೆ ಹೋಗುವ ಮುಂಚೆ ಆಡಿ ನೋಡಿ, ಎಲ್ಲಿ ಕೆಡುತ್ತದೆ ಎಂದು ಹೇಳುವವರಲ್ಲಿ ನಾನೂ ಒಬ್ಬಳು. ಗೆದ್ದರೆ ಏನಾಗುತ್ತದೆ ಎಂಬುದನ್ನು ಆಫೀಸಿನಲ್ಲಿ ಎಲ್ಲರೂ ಖುಷಿಯಿಂದ ಆಡಿ ನೋಡುತ್ತಿದ್ದರು. ಸೋತರೆ ಏನಾಗುತ್ತದೆ ಎಂದು ನೋಡಲು ಯಾರಿಗೂ ಮನಸ್ಸಿರಲಿಲ್ಲ, ಹಾಗಾಗಿ ಅದನ್ನು ನನ್ನ ತಲೆಗೆ ಕಟ್ಟಿದ್ದರು. ಕಾರನ್ನು ಗೋಡೆಗೆ ಗುದ್ದಿಸು, ಹಾವು ತನ್ನ ಬಾಲವನ್ನೇ ಕಚ್ಚುವಂತೆ ಮಾಡು, ಕ್ರಿಕೆಟ್ಟಿನಲ್ಲಿ ಮೊದಲ ಚೆಂಡಿಗೇ ಔಟಾಗು. ‘ಗೇಮ್ ಓವರ್’ ಎಂದು ಬಂದರೆ ಸರಿ, ಬರದಿದ್ದರೆ ಪ್ರೋಗ್ರಾಮರನ್ನು ಕರೆ. ಬೆಳಗಿನಿಂದ ಸಂಜೆಯವರೆಗೆ ಇದೇ. ಮನೆಗೆ ಬಂದು ಅಕ್ಕಿ ಆರಿಸುವಾಗಲೂ ಹೆಬ್ಬೆರಳು ತನ್ನಷ್ಟಕ್ಕೆ ತಾನು ಏನನ್ನೋ ಒತ್ತುತ್ತಿತ್ತು.

ಊರಿನವರು ನಾನು ದೆಹಲಿಯಲ್ಲಿ ಕಂಪ್ಯೂಟರ್ ಇಂಜಿನಿಯರ್ ಎಂದು ತಿಳಿದಿದ್ದರು. ನಾನು ಓದಿದ್ದು ಸಸ್ಯಶಾಸ್ತ್ರ. ನನ್ನ ಗಂಡನಿಗೆ ಕೇಂದ್ರ ಸರ್ಕಾರದ ಒಂದು ಕಚೇರಿಯಲ್ಲಿ ಕೆಲಸ, ಆರ್.ಕೆ.ಪುರಂನಲ್ಲಿ ಕ್ವಾರ್ಟರ್ಸ್ ಸಿಕ್ಕಿತ್ತು. ಮನೆಯಲ್ಲಿ ಕೂತು ಕೂತು ಬೇಜಾರಾಗಿ ಪತ್ರಿಕೆಯ ಜಾಹೀರಾತು ನೋಡಿ ಅರ್ಜಿ ಹಾಕಿದೆ, ಅವರು ಕರೆದರು. ಸಂದರ್ಶನದಲ್ಲಿ ಕೇಳಿದ್ದು ಒಂದೇ ಪ್ರಶ್ನೆ: ತಾಳ್ಮೆ ಇದೆಯೇ? ಇದೆ ಎಂದೆ. ಅದು ಸುಳ್ಳು ಎಂದು ನನ್ನನ್ನು ಬಲ್ಲವರು ಯಾರಾದರೂ ಹೇಳಿಯಾರು.

ನಮ್ಮ ಬಾಸ್‌ಗೆ ಪತ್ರಿಕೆಯ ತಂತ್ರಜ್ಞಾನದ ಪುಟವೆಂದರೆ ಪ್ರಾಣ. ವಾರಕ್ಕೊಮ್ಮೆ ಅದನ್ನು ಕತ್ತರಿಸಿ ನೀರಿನ ಕ್ಯಾನಿನ ಪಕ್ಕದ ಬೋರ್ಡಿಗೆ ಪಿನ್ನು ಹೊಡೆಯುತ್ತಿದ್ದರು. ಜಪಾನಿನಲ್ಲಿ ಮೆಟ್ಟಿಲು ಹತ್ತುವ ರೋಬೋ, ಬಾಲ ಅಲ್ಲಾಡಿಸುವ ರೋಬೋ ನಾಯಿ, ತಾನೇ ಮನೆ ಗುಡಿಸುವ ತಟ್ಟೆಯಂಥ ಯಂತ್ರ. ಅದರ ಕೆಳಗೆ ನಮ್ಮ ಆಫೀಸು ಗುಡಿಸುವ ಹೆಂಗಸು ಪೊರಕೆ ಒರಗಿಸಿ ಇಡುತ್ತಿದ್ದಳು. ಕರೆಂಟು ಹೋಗಿ ಜನರೇಟರು ಗುಡುಗುಟ್ಟುವ ಹೊತ್ತಿನಲ್ಲೂ ಬಾಸ್ ಆ ಬೋರ್ಡಿನ ಮುಂದೆ ನಿಂತು, “ದೇಖೋ, ಫ್ಯೂಚರ್!” ಎನ್ನುತ್ತಿದ್ದರು. ನಾವು ನೋಡುತ್ತಿದ್ದೆವು. ನನಗೆ ಆಗ ಬೇಕಾಗಿದ್ದ ಫ್ಯೂಚರ್ ಎಂದರೆ ಸಂಜೆಯ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು, ಅಷ್ಟೇ.

ಒಂದು ಮಧ್ಯಾಹ್ನ ಅವರು ಎಲ್ಲರನ್ನೂ ಕೂರಿಸಿ, ನಿಮ್ಮ ನಿಮ್ಮ ಕಡೆಯ ಹಳೆಯ ಆಟಗಳನ್ನು ಹೇಳಿ, ಫೋನಿಗೆ ಹಾಕೋಣ ಎಂದರು. ಲೂಡೋ ಆಗಲೇ ಎಲ್ಲರೂ ಮಾಡಿ ಮುಗಿಸಿದ್ದರು. ನಾನು ಡಬ್ಬಿಯ ಚಪಾತಿ ತಿನ್ನುತ್ತಾ ಸುಮ್ಮನಿರಲಾರದೆ ಚೌಕಾಬಾರ ಎಂದುಬಿಟ್ಟೆ. ಅದೇನು ಎಂದರು. ಡಬ್ಬಿ ಸುತ್ತಿದ್ದ ಕಾಗದ ಬಿಡಿಸಿ ಅದರ ಮೇಲೆ ಐದಕ್ಕೆ ಐದು ಮನೆ ಎಳೆದು ತೋರಿಸಿದೆ. ನಾಲ್ಕು ಕವಡೆ ಎಸೆಯಬೇಕು, ಬಿದ್ದಷ್ಟು ಮನೆ ಕಾಯಿ ನಡೆಸಬೇಕು, ಹೊರಸುತ್ತು ಮುಗಿಸಿ ಒಳಸುತ್ತಿಗೆ ಹೋಗಿ ನಡುಮನೆ ಸೇರಿದರೆ ಕಾಯಿ ಹಣ್ಣಾಯಿತು. ಅಡ್ಡಗೆರೆ ಹಾಕಿದ ಮನೆ ಕಟ್ಟೆ. ಅಲ್ಲಿದ್ದವರನ್ನು ಯಾರೂ ಮುಟ್ಟುವಂತಿಲ್ಲ. ಬೇರೆ ಕಡೆ ಸಿಕ್ಕಿದರೆ ಎದುರಾಳಿಯ ಕಾಯಿ ಹೊಡೆಯಬಹುದು, ಅದು ಮತ್ತೆ ಮೊದಲಿನಿಂದ ಹೊರಡಬೇಕು. ಮುಖ್ಯವಾದ ಮಾತು ಇದು: ಒಂದು ಕಾಯನ್ನಾದರೂ ಹೊಡೆಯದೆ ಯಾರೂ ಒಳಸುತ್ತಿಗೆ ಹೋಗುವ ಹಾಗಿಲ್ಲ. ಹೊಡೆಯದಿದ್ದವರು ಹೊರಗೇ ಸುತ್ತುತ್ತಾ ಇರಬೇಕು.

“ಚಲೋ, ಡನ್,” ಎಂದರು ಬಾಸ್. ಹೀಗೆ ನನ್ನ ಬಾಯಿಂದಲೇ ನನಗೆ ಇನ್ನೊಂದು ಸೋಲುವ ಕೆಲಸ ಗಂಟುಬಿತ್ತು.

ಪ್ರೋಗ್ರಾಮರ್ ಲಖನೌ ಕಡೆಯವನು, ನನಗಿಂತ ಚಿಕ್ಕವನು, ಬಹಳ ಮರ್ಯಾದೆಯ ಮನುಷ್ಯ. ನನ್ನನ್ನು ದೀದಿ ಎನ್ನುತ್ತಿದ್ದ. ಫೋನಿನೊಳಗೆ ಕೂತು ನಮ್ಮ ಎದುರು ಆಡುವ ಎದುರಾಳಿಯನ್ನು ಅವರೆಲ್ಲ ‘ಎ.ಐ.’ ಎನ್ನುತ್ತಿದ್ದರು. ಆ ಎರಡು ಅಕ್ಷರ ಈಗ ಎಲ್ಲರ ಬಾಯಲ್ಲಿದೆ. ಆಗ ನಮ್ಮಲ್ಲಿ ಅದು ಹೊಡೆಯಬೇಕೋ ಬಿಡಬೇಕೋ ಎಂದು ನೋಡುವ ಪ್ರೋಗ್ರಾಮಿನ ಕೆಲವು ಸಾಲುಗಳ ಹೆಸರು ಮಾತ್ರ. ಮೊದಲು ಅವನು ಬರೆದ ಎದುರಾಳಿ ಮಹಾ ದುಷ್ಟ. ಸಿಕ್ಕಿದ ಕಾಯನ್ನೆಲ್ಲ ಹೊಡೆಯುತ್ತಿತ್ತು. ನಾನು ಸೋಲಲು ಪ್ರಯತ್ನವನ್ನೇ ಪಡಬೇಕಾಗಿರಲಿಲ್ಲ.

ಅದೇ ಚಳಿಗಾಲದಲ್ಲಿ ನಾನು ಬಸುರಿಯಾದೆ. ಎರಡನೆಯ ಸಲ. ಮೊದಲನೆಯದು ಹಿಂದಿನ ವರ್ಷ ಉಳಿದಿರಲಿಲ್ಲ. ಆ ಸುದ್ದಿ ಕೇಳಿ ಊರಿನಲ್ಲಿ ನಮ್ಮ ಅತ್ತೆ ಊಟ ಬಿಟ್ಟು ಮಲಗಿ, ಬಿ.ಪಿ. ಏರಿ, ಅವರನ್ನು ನೋಡಿಕೊಳ್ಳಲು ನನ್ನ ಗಂಡ ರೈಲು ಹತ್ತಿ ಹೋಗಬೇಕಾಗಿ ಬಂದಿತ್ತು. ನನ್ನನ್ನು ನೋಡಿಕೊಳ್ಳಬೇಕಾದ ಹೊತ್ತಿನಲ್ಲಿ ಅವರು ಅಮ್ಮನನ್ನು ನೋಡಿಕೊಂಡು ಬಂದರು. ಅದರ ಬಗ್ಗೆ ನನಗೆ ಸಿಟ್ಟಿತ್ತು, ಆದರೆ ಯಾರ ಮೇಲೆ ಎಂದು ಗೊತ್ತಾಗುತ್ತಿರಲಿಲ್ಲ. ಈ ಸಲ ಅತ್ತೆ ಕಾಯಲಿಲ್ಲ. ಸುದ್ದಿ ಹೇಳಿದ ಕೂಡಲೇ ಅರಸೀಕೆರೆಯಿಂದ ಹೊರಟು, ನಾದಿನಿಯ ಗಂಡನ ಜೊತೆ ರೈಲಿನಲ್ಲಿ ಬಂದೇಬಿಟ್ಟರು. ಮೆಂತ್ಯದ ಹಿಟ್ಟು, ತುಪ್ಪ, ಬಾಣಂತನಕ್ಕೆಂದು ಈಗಲೇ ಹೊಂದಿಸಿದ ಹಳೆಯ ಸೀರೆಯ ಬಟ್ಟೆಗಳು, ಮತ್ತು ಒಂದು ಸಂಚಿಯಲ್ಲಿ ನಾಲ್ಕು ಕವಡೆ.

ದೆಹಲಿಯಲ್ಲಿ ಅತ್ತೆಗೆ ಮಾತಾಡಲು ಯಾರೂ ಇರಲಿಲ್ಲ. ತರಕಾರಿ ಭಯ್ಯಾ ಜೊತೆ ಕನ್ನಡದಲ್ಲೇ ಜಗಳವಾಡಿ ಕೊತ್ತಂಬರಿ ಸೊಪ್ಪನ್ನು ಬಿಟ್ಟಿಯಾಗಿ ಹಾಕಿಸಿಕೊಳ್ಳುವುದನ್ನು ಒಂದೇ ವಾರದಲ್ಲಿ ಕಲಿತಿದ್ದರು, ಆದರೆ ಅದು ಮಾತುಕತೆ ಎನಿಸುವುದಿಲ್ಲವಲ್ಲ. ಮೇಲಿನ ಮನೆಯಲ್ಲಿ ಒಂದು ಕೊಡಗಿನ ಕುಟುಂಬ ಇತ್ತು, ಅವರು ಸೇನೆಯವರು, ಹೆಚ್ಚು ದಿನ ಬೀಗ ಹಾಕಿರುತ್ತಿತ್ತು. ಹಾಗಾಗಿ ಅತ್ತೆ ಇಡೀ ದಿನ ನನ್ನನ್ನು ಕಾಯುತ್ತಿದ್ದರು. ನಾನು ಚಾರ್ಟರ್ಡ್ ಬಸ್ಸಿನಲ್ಲಿ ಯಮುನೆ ದಾಟಿ ಬರುತ್ತಿದ್ದೆ. ಆ ಬಸ್ಸಿನಲ್ಲಿ ಹಿಂದಿನ ಸೀಟಿನ ಗಂಡಸರು ಮಂಡಿಯ ಮೇಲೆ ಬ್ರೀಫ್‌ಕೇಸ್ ಇಟ್ಟುಕೊಂಡು ಇಸ್ಪೀಟು ಆಡುತ್ತಿದ್ದರು, ಮುಂದಿನ ಸೀಟಿನ ಹೆಂಗಸರು ಬಟಾಣಿ ಸುಲಿಯುತ್ತಿದ್ದರು. ಯಾರಾದರೂ ಒಂದು ಕೈ ಆಡುತ್ತೀರಾ ಎಂದು ಕೇಳಿದರೆ ನನಗೆ ಹೊಡೆಯಬೇಕೆನಿಸುತ್ತಿತ್ತು. ಮನೆಯ ಬಾಗಿಲು ತೆರೆದರೆ ನಡುಮನೆಯ ನೆಲದ ಮೇಲೆ ಸೀಮೆಸುಣ್ಣದಲ್ಲಿ ಐದಕ್ಕೆ ಐದು ಮನೆ.

“ಕೈಕಾಲು ತೊಳ್ಕೊಂಡು ಬಾರಮ್ಮ. ಒಂದಾಟ ಆಡೋಣ.”

“ಅತ್ತೆ, ಬೆಳಗ್ಗಿಂದ ಅದೇ ಆಡಿ ಬಂದಿದೀನಿ.”

“ಅದು ಮೆಷಿನ್ ಜೊತೆ. ಇದು ನನ್ನ ಜೊತೆ.”

ಬೆನ್ನಿಗೆ ದಿಂಬು ಕೊಟ್ಟುಕೊಂಡು ಕೂರುತ್ತಿದ್ದೆ. ಕಾಯಿಗಳೆಂದರೆ ಒಡೆದ ಬಳೆಯ ಚೂರುಗಳು, ಅತ್ತೆಯವು ಕೆಂಪು, ನನ್ನವು ಹಸಿರು. ಆಡತೊಡಗಿದ ಮೊದಲ ಸಂಜೆಯೇ ಗಮನಿಸಿದೆ: ನನ್ನ ಕಾಯಿ ಎದುರಿಗೇ ಇದ್ದರೂ ಅತ್ತೆ ಹೊಡೆಯುತ್ತಿರಲಿಲ್ಲ. ಕಣ್ಣು ಮಂಜಾಗಿರಬೇಕು ಎಂದುಕೊಂಡು ತೋರಿಸಿದೆ. ಅವರು ನನ್ನನ್ನು ಮಗುವನ್ನು ನೋಡುವಂತೆ ನೋಡಿದರು.

“ಬಸುರಿ ಹೆಂಗಸಿನ ಕಾಯಿ ಹೊಡೀತಾರಾ ಯಾರಾದ್ರೂ?”

ಅವರ ಮನೆತನದಲ್ಲಿ ಅದೊಂದು ಪದ್ಧತಿಯಂತೆ. ಬಸುರಿಯ ಕಾಯಿ ಆಟ ಮುಗಿಯುವವರೆಗೂ ಕಟ್ಟೆಯ ಮೇಲಿದ್ದ ಹಾಗೆ. ಅವಳು ಯಾರನ್ನು ಬೇಕಾದರೂ ಹೊಡೆಯಬಹುದು, ಅವಳನ್ನು ಯಾರೂ ಹೊಡೆಯುವಂತಿಲ್ಲ. ಹೆರಿಗೆಯಾಗಿ ತೊಟ್ಟಿಲಿಗೆ ಹಾಕಿದ ಮೇಲೆ ಮತ್ತೆ ಎಲ್ಲರಂತೆ. ನನ್ನ ಗಂಡನನ್ನು ಕೇಳಿದೆ, ಹೌದು, ಅಕ್ಕ ಬಸುರಿಯಾಗಿದ್ದಾಗ ನಮ್ಮನ್ನೆಲ್ಲ ಹೊಡೆದು ಹೊಡೆದು ಹಾಕಿದ್ದಳು ಎಂದು ನಕ್ಕರು. ನಾನೂ ನಕ್ಕೆ. ಅತ್ತೆಯ ಕೆಂಪು ಚೂರುಗಳನ್ನು ಮುಲಾಜಿಲ್ಲದೆ ಹೊಡೆದು ಪ್ರತಿ ಸಂಜೆ ಗೆದ್ದೆ. ದಿನವೆಲ್ಲ ಸೋತು ಬಂದವಳಿಗೆ ಅದೊಂದು ಸುಖ. ಸೋತಾಗಲೆಲ್ಲ ಅತ್ತೆಯ ಮುಖ ಅರಳುತ್ತಿತ್ತು. ಆ ಕೆಲವು ವಾರಗಳಲ್ಲಿ ನನಗೆ ಅವರ ಮೇಲಿದ್ದ ಹಳೆಯ ಸಿಟ್ಟು ಎಲ್ಲಿ ಹೋಯಿತೋ ಗೊತ್ತಿಲ್ಲ.

ಆಫೀಸಿನಲ್ಲಿ ಬಾಸ್‌ಗೆ ತಲೆನೋವು ಶುರುವಾಗಿತ್ತು. ಆಟ ಕೊಟ್ಟು ನೋಡಿದ ಪರಿಚಯದ ಹೆಂಗಸರೆಲ್ಲ ಒಂದೆರಡು ಸಲ ಸೋತು ಬಿಟ್ಟುಬಿಡುತ್ತಿದ್ದರಂತೆ. ಸುಲಭದ ಹಂತ ಇನ್ನೂ ಮೃದುವಾಗಬೇಕು, ಅಜ್ಜಿ ಮೊಮ್ಮಗಳ ಜೊತೆ ಆಡುವ ಹಾಗಿರಬೇಕು ಎಂದರು. ನಾನು ಅತ್ತೆಯ ಪದ್ಧತಿಯನ್ನು ಟೀ ಕುಡಿಯುತ್ತಾ ಪ್ರೋಗ್ರಾಮರ್‌ಗೆ ಹೇಳಿದೆ. ಬಸುರಿಯೆಂದು ಹೇಳಲಿಲ್ಲ, ಮನೆಯಲ್ಲಿ ಹೀಗೊಂದು ಇದೆ ಎಂದಷ್ಟೇ. ಅವನಿಗೆ ಬಹಳ ಹಿಡಿಸಿತು. ಸುಲಭದ ಹಂತದಲ್ಲಿ ಯಂತ್ರ ಹೊಡೆಯುವುದನ್ನೇ ತೆಗೆದುಹಾಕಿದ. ಬಾಸ್ ಒಂದಾಟ ಆಡಿ ಗೆದ್ದು, “ಯೇ ಹುಯೀ ನಾ ಬಾತ್!” ಎಂದು ಅವನ ಬೆನ್ನು ತಟ್ಟಿದರು.

ಅದಾದ ಮೇಲಿನ ವಾರ ನನಗೆ ಸೊಂಟದಲ್ಲಿ ಸಣ್ಣ ನೋವು. ಆಫೀಸಿನ ಹತ್ತಿರದ ನರ್ಸಿಂಗ್ ಹೋಮಿಗೆ ಊಟದ ಬಿಡುವಿನಲ್ಲಿ ಹೋಗಿ ಸ್ಕ್ಯಾನ್ ಮಾಡಿಸಿಕೊಂಡೆ. ಡಾಕ್ಟರಮ್ಮ ಪರದೆಯನ್ನು ತನ್ನ ಕಡೆಗೆ ಸ್ವಲ್ಪ ತಿರುಗಿಸಿಕೊಂಡಳು. ಪರದೆ ನೋಡಿ ಬದುಕುವವಳು ನಾನು. ಆಟ ನಿಂತಿದೆ ಎಂದು ನನಗೆ ಅವಳು ಹೇಳುವ ಮೊದಲೇ ತಿಳಿಯಿತು. ಎದೆಬಡಿತ ಇರಲಿಲ್ಲ. ಗಂಡನಿಗೆ ಫೋನ್ ಮಾಡಿದೆ, ಅವರು ಬಂದರು, ಮಾರನೆಯ ದಿನ ಬೆಳಗ್ಗೆ ಆಫೀಸಿಗೆಂದು ಮನೆಯಿಂದ ಹೊರಡಿಸಿಕೊಂಡು ಹೋಗಿ, ಅಲ್ಲಿ ಎಲ್ಲ ಮುಗಿಸಿ, ಮಧ್ಯಾಹ್ನ ಆಟೋದಲ್ಲಿ ಮನೆಗೆ ಕರೆತಂದರು. ದಾರಿಯುದ್ದಕ್ಕೂ ಅವರು ನನ್ನ ಕೈ ಹಿಡಿದುಕೊಂಡಿದ್ದರು. ನನಗೆ ಅಳು ಬರಲಿಲ್ಲ, ಬರೀ ಸುಸ್ತು. ಎಷ್ಟು ಸುಸ್ತೆಂದರೆ ದುಃಖಪಡಲೂ ಶಕ್ತಿ ಇರಲಿಲ್ಲ.

“ಅಮ್ಮನಿಗೆ ಈಗಲೇ ಹೇಳೋದು ಬೇಡ,” ಎಂದರು ಗಂಡ. “ಹೋದ ಸಲ ಏನಾಯ್ತು ಗೊತ್ತಲ್ಲ. ಒಂದಿಷ್ಟು ದಿನ ಹೋಗ್ಲಿ, ನಾನೇ ನಿಧಾನಕ್ಕೆ ಹೇಳ್ತೀನಿ.”

“ಮನೇಲಿ ಎರಡು ಕೋಣೆ, ಒಂದು ಬಚ್ಚಲು. ಏನಂತ ಮುಚ್ಚಿಡ್ತೀರಿ?”

“ಜ್ವರ ಅಂದರಾಯ್ತು.”

ನಿಜ ಹೇಳಬೇಕೆಂದರೆ ನನಗೂ ಅದೇ ಬೇಕಾಗಿತ್ತು. ಅತ್ತೆಯ ಬಿ.ಪಿ. ಒಂದು ನೆಪ. ಅವರ ಮುಖ ಬಾಡುವುದನ್ನು ಎದುರಿಗೆ ಕೂತು ನೋಡುವ ಧೈರ್ಯ ನನಗಿರಲಿಲ್ಲ. ಬಾಣಂತನದ ಆ ಬಟ್ಟೆಗಳನ್ನು ಅವರು ಮತ್ತೆ ಮಡಿಸಿ ಪೆಟ್ಟಿಗೆಗೆ ಹಾಕುವುದನ್ನು, ನಾನು ಅಯ್ಯೋ ಪಾಪ ಆಗುವುದನ್ನು. ಅತ್ತೆ ಬಾಗಿಲು ತೆರೆದಾಗ ಜ್ವರ ಎಂದೆ. ಅವರು ಹಣೆ ಮುಟ್ಟಿ ನೋಡಿ, ಹಾಸಿಗೆ ಹಾಸಿ, ಮೆಣಸಿನ ಸಾರು ಮಾಡಿಕೊಟ್ಟರು.

ಮತ್ತೆ ಕೆಲಸಕ್ಕೆ ಹೋಗತೊಡಗಿದೆ. ಆಗ ಎಲ್ಲರೂ ಹುಚ್ಚು ಹಚ್ಚಿಕೊಂಡಿದ್ದ ಒಂದು ಜಾಲತಾಣವಿತ್ತು. ಒಬ್ಬರ ಪುಟದಲ್ಲಿ ಇನ್ನೊಬ್ಬರು ಬರೆದದ್ದನ್ನು ಲೋಕವೆಲ್ಲ ಓದಬಹುದಾಗಿದ್ದ ಕಾಲ. ಮೈಸೂರಿನ ನಾದಿನಿ ಸಂತೋಷ ತಡೆಯಲಾರದೆ, ‘ಕಂಗ್ರಾಟ್ಸ್ ಅತ್ತಿಗೆ, ಪುಟಾಣಿ ಯಾವಾಗ?’ ಎಂದು ನನ್ನ ಪುಟದಲ್ಲಿ ಹಾಕಿದ್ದಳು. ಅದನ್ನು ಓದಿ ಇನ್ನೊಬ್ಬರು, ಅವರನ್ನು ನೋಡಿ ಮತ್ತೊಬ್ಬರು. ಹೈಸ್ಕೂಲಿನಲ್ಲಿ ನನ್ನ ಜೊತೆ ಮಾತೇ ಬಿಟ್ಟಿದ್ದವಳೊಬ್ಬಳು ಗುಲಾಬಿ ಹೂವಿನ ಚಿತ್ರ ಕಳಿಸಿದಳು. ಎಲ್ಲ ಮುಗಿದ ಮೇಲೂ ಅವು ಬರುತ್ತಲೇ ಇದ್ದವು. ಅಳಿಸಿದರೆ ಯಾಕೆ ಅಳಿಸಿದೆ ಎಂದು ನಾದಿನಿ ಕೇಳುತ್ತಾಳೆ. ಹಾಗಾಗಿ ಬಿಟ್ಟೆ. ಆಫೀಸಿನಲ್ಲಿ ಪಕ್ಕದ ಹುಡುಗಿ ಆ ತಾಣ ತೆರೆದರೆ ನಾನು ನೀರು ಕುಡಿಯಲು ಎದ್ದು ಹೋಗುತ್ತಿದ್ದೆ. ಅಲ್ಲಿ ಬೋರ್ಡಿನ ಮೇಲೆ ಹೊಸ ರೋಬೋ. ಅದು ಮನುಷ್ಯರ ಮುಖ ನೋಡಿ ಅವರ ದುಃಖ ಸಂತೋಷ ಗುರುತಿಸುತ್ತದಂತೆ. ಇದು ನನ್ನ ಎದುರಿಗೆ ಬಾರದಿರಲಿ ಎಂದುಕೊಂಡೆ.

ಕಷ್ಟವಾದದ್ದು ಸಂಜೆಗಳು. ಅತ್ತೆ ಎಂದಿನಂತೆ ಮನೆ ಬರೆದು ಕೂತಿರುತ್ತಿದ್ದರು. ನನಗೆ ಈಗ ಆಡಲು ಹಕ್ಕಿಲ್ಲ ಎನಿಸುತ್ತಿತ್ತು. ಅವರು ಒಬ್ಬ ಬಸುರಿಯ ಕಾಯನ್ನು ಬಿಡುತ್ತಿದ್ದಾರೆ, ಆ ಬಸುರಿ ಈ ಮನೆಯಲ್ಲಿ ಇಲ್ಲ. ಅವರ ಕೆಂಪು ಚೂರು ನನ್ನ ಮುಂದೆ ಬರುತ್ತಿತ್ತು, ಕವಡೆ ಸರಿಯಾಗಿಯೇ ಬೀಳುತ್ತಿತ್ತು. ಕೈ ಹೋಗುತ್ತಿರಲಿಲ್ಲ. ಆ ಸೌಲಭ್ಯವನ್ನು ಇಟ್ಟುಕೊಂಡು ಅವರನ್ನು ಹೊಡೆದು ಗೆಲ್ಲುವುದು ಕಳ್ಳತನ ಎನಿಸಿತು. ಬೇರೆ ಕಾಯಿ ನಡೆಸುತ್ತಿದ್ದೆ.

“ಇಲ್ಲಿತ್ತಲ್ಲಮ್ಮ, ಯಾಕೆ ಹೊಡೀಲಿಲ್ಲ?”

“ನೋಡ್ಲಿಲ್ಲ ಅತ್ತೆ.”

“ಮೆಷಿನ್ ಜೊತೆ ಆಡೀ ಆಡೀ ಕಣ್ಣು ಹೋಯ್ತು ನಿಂದು.”

ಅವರು ನನ್ನನ್ನು ಹೊಡೆಯುವುದಿಲ್ಲ, ನಾನು ಅವರನ್ನು ಹೊಡೆಯುವುದಿಲ್ಲ. ಯಾರೂ ಒಳಸುತ್ತಿಗೆ ಹೋಗುವಂತಿಲ್ಲ. ಕೆಂಪು ಚೂರುಗಳೂ ಹಸಿರು ಚೂರುಗಳೂ ಹೊರಗಿನ ಮನೆಗಳಲ್ಲಿ ಸುತ್ತುತ್ತಲೇ ಇರುತ್ತಿದ್ದವು. ಕುಕ್ಕರ್ ಕೂಗಿದಾಗಲೋ ಗಂಡ ಬಂದಾಗಲೋ ಅತ್ತೆ, “ಇರ್ಲಿ, ನಾಳೆ ಮುಂದುವರಿಸೋಣ,” ಎಂದು ಕಾಯಿಗಳನ್ನು ಇದ್ದಲ್ಲೇ ಬಿಟ್ಟು ಏಳುತ್ತಿದ್ದರು. ಬೆಳಗ್ಗೆ ನೆಲ ಒರೆಸುವಾಗ ಆ ಮನೆಗಳ ಸುತ್ತ ಒರೆಸುತ್ತಿದ್ದರು. ಗಂಡ ಇವತ್ತು ಹೇಳ್ತೀನಿ, ಭಾನುವಾರ ಹೇಳ್ತೀನಿ ಎನ್ನುತ್ತಿದ್ದರು. ಅವರು ಹೇಳಲಾರರು ಎಂದು ನನಗೆ ಗೊತ್ತಿತ್ತು. ಇಂಥ ಮಾತು ಬಂದರೆ ಅವರಿಗೆ ಕೂಡಲೇ ಹಾಲು ತರುವ ಕೆಲಸ ನೆನಪಾಗುತ್ತಿತ್ತು.

ಹೋಳಿ ಹತ್ತಿರ ಬಂದಿತ್ತು. ಒಂದು ದಿನ ಪ್ರೋಗ್ರಾಮರ್ ಹೊಸದೊಂದು ಪರೀಕ್ಷೆ ಇಟ್ಟ. ಒಂದೇ ಫೋನಿನಲ್ಲಿ ಯಂತ್ರವೇ ಎರಡೂ ಕಡೆ ಆಡಬೇಕು, ಎರಡೂ ಸುಲಭದ ಹಂತದಲ್ಲಿ. ಆಡಲು ಬಿಟ್ಟು ನಾವು ಊಟಕ್ಕೆ ಹೋದೆವು. ಬಂದು ನೋಡಿದರೆ ಆಟ ನಡೆದೇ ಇತ್ತು. ಟೀ ಕುಡಿದು ಬಂದೆವು, ಇನ್ನೂ ನಡೆದಿತ್ತು. ಫೋನು ಬಿಸಿಯಾಗಿತ್ತು. ಪುಟ್ಟ ಪರದೆಯ ಮೇಲೆ ಕೆಂಪು ಚುಕ್ಕೆಗಳು, ಹಸಿರು ಚುಕ್ಕೆಗಳು ಒಂದರ ಪಕ್ಕ ಒಂದು ಹಾದು ಹೋಗುತ್ತಿದ್ದವು. ಎರಡೂ ಕಡೆ ಹೊಡೆಯದೆ ಬಿಡುವವರೇ. ಕಡೆಗೆ ಬ್ಯಾಟರಿ ಮುಗಿದು ಪರದೆ ಕಪ್ಪಾಯಿತು. ‘ಗೇಮ್ ಓವರ್’ ಬರಲೇ ಇಲ್ಲ.

ಅವನಿಗೆ ನಗು ಬಂತು. ನನ್ನ ಮುಖ ನೋಡಿ ನಗು ನಿಲ್ಲಿಸಿದ.

“ಮಿಸ್ಟೇಕ್ ನನ್ನದೇ ದೀದಿ,” ಎಂದ ಹಿಂದಿಯಲ್ಲಿ. “ಇಬ್ಬರೂ ಇಷ್ಟು ಒಳ್ಳೆಯವರಾದರೆ ಆಟ ಮುಗಿಯಲ್ಲ. ಕಿಸೀ ಕೋ ತೋ ಪೆಹ್ಲೇ ಮಾರ್ನಾ ಪಡೇಗಾ.”

ಯಾರಾದರೊಬ್ಬರು ಮೊದಲು ಹೊಡೆಯಲೇಬೇಕು. ಅವನು ಹೇಳಿದ್ದು ಪ್ರೋಗ್ರಾಮಿನ ಮಾತು. ನಾನು ಸರಿ ಎಂದು, ಬ್ಯಾಗು ಎತ್ತಿಕೊಂಡು, ಶೌಚಾಲಯಕ್ಕೆ ಹೋಗಿ ನಲ್ಲಿ ಬಿಟ್ಟುಕೊಂಡು ನಿಂತೆ. ಅಷ್ಟು ದಿನಗಳಲ್ಲಿ ಮೊದಲ ಸಲ ಕಣ್ಣು ತುಂಬಿತು. ಇವತ್ತು ಹೇಳಿಬಿಡಬೇಕು ಎಂದುಕೊಂಡೆ.

ಬಸ್ಸಿನಲ್ಲಿ ಉದ್ದಕ್ಕೂ ಮಾತು ಜೋಡಿಸಿದೆ. ಅತ್ತೆ, ನಿಮಗೊಂದು ಮಾತು ಹೇಳಬೇಕು. ಬೇಡ, ಹಾಗೆ ಶುರುಮಾಡಿದರೆ ಅವರ ಎದೆ ಒಡೆಯುತ್ತದೆ. ಅತ್ತೆ, ಡಾಕ್ಟರು ಹೀಗಂದರು. ಅದೂ ಬೇಡ. ಹಿಂದೆ ಇಸ್ಪೀಟಿನ ಗಂಡಸರಲ್ಲಿ ಯಾರೋ ಗೆದ್ದು ಕೂಗಾಡುತ್ತಿದ್ದರು. ಆರ್.ಕೆ.ಪುರಂ ಬರುವ ಹೊತ್ತಿಗೆ ಜೋಡಿಸಿದ್ದೆಲ್ಲ ಕಳಚಿಬಿದ್ದಿತ್ತು. ರಸ್ತೆಯ ತುಂಬ ಬೂರುಗದ ಕೆಂಪು ಹೂ ಬಿದ್ದು ಸ್ಕೂಟರಿನ ಚಕ್ರಕ್ಕೆ ಸಿಕ್ಕಿ ಜಜ್ಜಿಹೋಗಿದ್ದವು. ಅವುಗಳ ಮೇಲೆ ಕಾಲಿಡದೆ ನಡೆಯಲು ಆಗಲಿಲ್ಲ.

ಅತ್ತೆ ನಿನ್ನೆಯ ಕಾಯಿಗಳ ಮುಂದೆ ಕೂತಿದ್ದರು. ಕೈಕಾಲು ತೊಳೆದು ಎದುರಿಗೆ ಕೂತೆ. ಅವರು ಕವಡೆಗಳನ್ನು ಎರಡೂ ಕೈಯಲ್ಲಿ ಕುಲುಕಿ ಎಸೆದರು. ಎರಡು ಬಿತ್ತು. ಅವರ ಒಂದು ಕೆಂಪು ಚೂರಿನಿಂದ ಸರಿಯಾಗಿ ಎರಡು ಮನೆ ಮುಂದೆ ನನ್ನ ಹಸಿರು ಚೂರು ಇತ್ತು, ಕಟ್ಟೆಯಿಂದ ಹೊರಗೆ. ಇಂಥ ಹೊತ್ತಿನಲ್ಲಿ ಅವರು ಯಾವಾಗಲೂ ಬೇರೆ ಕಾಯಿ ಹುಡುಕುತ್ತಿದ್ದರು. ಈ ಸಲ ಹುಡುಕಲಿಲ್ಲ. ಅದೇ ಕೆಂಪು ಚೂರನ್ನು ಬೆರಳಿನಿಂದ ಒತ್ತಿ, ಒಂದು, ಎರಡು ಎಂದು ನಡೆಸಿದರು. ನನ್ನ ಹಸಿರು ಚೂರನ್ನು ಎತ್ತಿ, ನನ್ನ ಕಡೆಯ ಕಟ್ಟೆಯಲ್ಲಿ, ಆಟ ಹೊರಡುವ ಮನೆಯಲ್ಲಿ ಇಟ್ಟರು.

“ಹೊಡೆದೆ ಕಣಮ್ಮ,” ಎಂದರು.

ನಾನು ಆ ಚೂರನ್ನು ನೋಡುತ್ತಾ ಕೂತೆ. ಹೊರಗೆ ಐಸ್‌ಕ್ರೀಮಿನವನು ಗಂಟೆ ಬಾರಿಸುತ್ತಾ ಹೋದ.

“ಯಾವಾಗ ಗೊತ್ತಾಯ್ತು ಅತ್ತೆ?”

“ಅವತ್ತೇ. ಅವನ ಕೈ ಹಿಡ್ಕೊಂಡು ಮೆಟ್ಟಿಲು ಹತ್ತಿ ಬಂದೆಯಲ್ಲ. ಜ್ವರ ಬಂದೋರು ಹಾಗೆ ಹತ್ತಲ್ಲ.”

“ಮತ್ತೆ ಇಷ್ಟು ದಿನ ಯಾಕೆ ಹೊಡೀಲಿಲ್ಲ?”

“ನೀನೇ ಹೇಳ್ತೀಯ ಅಂತ ಕಾದೆ. ನಿನಗೆ ಹೇಳೋಕೆ ಬಾಯಿ ಬರಲಿಲ್ಲ, ನನಗೆ ಕೇಳೋಕೆ ಬರಲಿಲ್ಲ.” ಅವರು ಸೆರಗಿನಿಂದ ಕವಡೆ ಒರೆಸಿದರು. ಒರೆಸುವಂಥದ್ದು ಅದರಲ್ಲಿ ಏನೂ ಇರಲಿಲ್ಲ. “ನನಗೂ ಒಂದು ಹೋಗಿತ್ತು, ದೊಡ್ಡವಳಿಗಿಂತ ಮುಂಚೆ. ಮಕ್ಕಳಿಗೆ ಯಾರಿಗೂ ಗೊತ್ತಿಲ್ಲ. ನಮ್ಮತ್ತೆ ಒಂದು ಮಾತೂ ಕೇಳಲಿಲ್ಲ. ಹೀಗೇ ಆಡ್ತಾ ಕೂತಿದ್ದಾಗ ಒಂದಿನ ನನ್ನ ಕಾಯಿ ಹೊಡೆದ್ರು. ನನಗೆ ಬಂದ ಸಿಟ್ಟು ಹೇಳತೀರದು. ಆಮೇಲೆ ಅವರ ಮಡಿಲಲ್ಲೇ ಬಿದ್ದು ಅತ್ತುಬಿಟ್ಟೆ.”

ನಾನೂ ಅತ್ತುಬಿಟ್ಟೆ. ಹೋದ ವರ್ಷದ್ದೂ ಈ ವರ್ಷದ್ದೂ ಸೇರಿ ಬಂತು. ಅವರು ಸಮಾಧಾನ ಮಾಡಲಿಲ್ಲ. ಚೌಕಾಬಾರದ ಮನೆಗಳ ಮೇಲೆಯೇ ಮುಂದೆ ಸರಿದು, ನನ್ನ ತಲೆಯನ್ನು ತಮ್ಮ ಭುಜಕ್ಕೆ ಒತ್ತಿಕೊಂಡರು. ಸೀಮೆಸುಣ್ಣವೆಲ್ಲ ಅವರ ಸೀರೆಗೆ ಮೆತ್ತಿತು. ಅವರ ಬಿ.ಪಿ.ಗೆ ಏನೂ ಆಗಲಿಲ್ಲ, ನಡುಗುತ್ತಿದ್ದವಳು ನಾನೇ.

ಬಾಗಿಲ ಬೀಗ ತಿರುಗಿತು. ನನ್ನ ಗಂಡ ಒಳಗೆ ಬಂದು, ನಮ್ಮಿಬ್ಬರನ್ನು ನೆಲದ ಮೇಲೆ ಹಾಗೆ ಕಂಡು ಗಾಬರಿಯಾದರು. ಏನಾಯ್ತು ಎಂದು ನನ್ನನ್ನು ಕೇಳಿದರು. ಅತ್ತೆಯೇ ಹೇಳಿದರು:

“ಏನಿಲ್ಲ ಕಣೋ. ಇವಳ ಕಾಯಿ ಹೊಡೆದೆ, ಅದಕ್ಕೆ ಅಳ್ತಿದಾಳೆ. ಹೋಗಿ ಟೀಗೆ ಇಡು.”

ಎಷ್ಟಾದರೂ ಆ ಮನೆಯ ಮಗ, ಯಾರ ಕಾಯಿ ಯಾವಾಗ ಹೊಡೆಯುತ್ತಾರೆಂದು ಬಲ್ಲವರು. ಒಂದು ಚಪ್ಪಲಿ ಬಿಟ್ಟಿದ್ದರು, ಇನ್ನೊಂದು ಕಾಲಲ್ಲೇ ಇತ್ತು. ಹಾಗೆಯೇ ಬಾಗಿಲಿಗೆ ಒರಗಿ ನಿಂತುಬಿಟ್ಟರು.